ಸೀಟಿ ಕೇಳದ ತಂಡ

ರಂಗಸಾಮಿ ಮಾವನಿಗೆ ಪಿಸುಗುಟ್ಟಲು ಬರುತ್ತಿರಲಿಲ್ಲ. ತಿರುಪ್ಪೂರಿನ ಹತ್ತಿರದ ಸೋಮನೂರಿನ ಶೆಡ್ಡಿನಲ್ಲಿ ಪವರ್‌ಲೂಮುಗಳ ಸದ್ದಿನ ನಡುವೆಯೇ ಬೆಳೆದು ಬದುಕಿದವರು; ಕಿವಿ ಅರ್ಧ ಹೋಗಿತ್ತು, ಗಂಟಲು ದುಪ್ಪಟ್ಟಾಗಿತ್ತು. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ, ಅಮ್ಮನ ತಮ್ಮನೆಂಬ ಅಧಿಕಾರದಿಂದ ಅಪ್ಪನ ಕಿವಿಗೆ ಬಾಗಿ, "ಪೈಯ ಸೆರಿ ಭಾವ, ಅವ್ರಮ್ಮನ್ನ ನೋಡುದ್ರೇ ಬಯ ಆಗ್ತದೆ" ಎಂದು ಗುಟ್ಟು ಹೇಳಿದರು. ಗುಟ್ಟು ಹುಡುಗನ ತಾಯಿಗೂ ತಲುಪಿತು, ಎದುರು ಮನೆಗೂ ತಲುಪಿತು. ಆ ಸಂಬಂಧ ಅಲ್ಲಿಗೇ ಮುಗಿಯಿತು. ಅದಕ್ಕೆ ನಾನು ಮಾವನಿಗೆ ಇಂದಿಗೂ ಋಣಿ.

ಆ ಗಂಟಲು ಸಾರ್ಥಕವಾಗುತ್ತಿದ್ದದ್ದು ಫುಟ್‌ಬಾಲ್ ಮೈದಾನದ ಅಂಚಿನಲ್ಲಿ. ಸ್ವತಃ ಆಡಿದವರಲ್ಲ. ಊರಿನ ಮಗ್ಗದ ಹುಡುಗರು ಕಟ್ಟಿಕೊಂಡಿದ್ದ ತಂಡದ ಮೇಲೆ ಜೀವ. ಆಟವಿದ್ದ ದಿನ ಮಗ್ಗ ನಿಲ್ಲಿಸಿ ಹೊರಡುವರು. ಅತ್ತೆ ಬೈಯುವುದು ಅವರಿಗೆ ಕೇಳಿಸುತ್ತಲೇ ಇರಲಿಲ್ಲ. ಕಾಲೇಜಿಗೆ ರಜೆಯಿದ್ದರೆ ನಾನೂ ಮೊಪೆಡ್ಡಿನ ಹಿಂದೆ. ತಂಡ ಸಾಮಾನ್ಯವಾಗಿ ಸೋಲುತ್ತಿತ್ತು. ವಾಪಸು ಬರುವಾಗ ದಾರಿಯುದ್ದಕ್ಕೂ, ನನ್ನನ್ನು ಮುದ್ದಿಗೆ ಸಾಮಿ ಎನ್ನುತ್ತಿದ್ದ ಮಾವ ಕೂಗುವರು, "ಅಡ್ತ ವರ್ಷ ನೋಡು ಸಾಮಿ, ಅಡ್ತ ವರ್ಷ ನಮ್ದೇ." ಮುಂದಿನ ವರ್ಷದ ಮೇಲೆ ಅವರಿಗಿದ್ದ ನಂಬಿಕೆ ನನಗೆ ಈ ವರ್ಷದ ಮೇಲೂ ಇರಲಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಆ ಸಲ ಇಡೀ ಋತು ಸೋತು, ಕಡೆಯ ಪಂದ್ಯ ಕಿಣತ್ತುಕಡವಿನವರ ಮೇಲೆ. ಸಮ ಮಾಡಿಕೊಂಡರೂ ಸಾಕು. ಸೋತರೆ ಜಿಲ್ಲಾ ಲೀಗಿನಿಂದಲೇ ಹೊರಕ್ಕೆ. ಎರಡೂ ಕಡೆ ಗೋಲಿಲ್ಲದೆ ಆಟ ಮುಗಿಯುವ ಹೊತ್ತಿಗೆ ನಮ್ಮ ಹುಡುಗ ಸೆಲ್ವ ಚೆಂಡನ್ನು ಬಲೆಗೆ ಹಾಕಿದ. ತಂಡಕ್ಕೆ ತಂಡವೇ ಓಡಿ ಅವನನ್ನು ತಬ್ಬಿಕೊಂಡಿತು, ಗೋಲ್‌ಕೀಪರನೂ ಓಡಿದ, ಪಂಚೆ ಎತ್ತಿ ಕಟ್ಟಿಕೊಂಡು ಮಾವನೂ ಓಡಿದರು. ಆದರೆ ಸೆಲ್ವ ಒದೆಯುವ ಮೊದಲೇ ರೆಫರಿ ಆಫ್‌ಸೈಡ್ ಎಂದು ಸೀಟಿ ಊದಿದ್ದ. ನಾನು ಕೇಳಿಸಿಕೊಂಡಿದ್ದೆ. ಹಗಲಿಡೀ ಮಗ್ಗದ ಮುಂದೆ ನಿಲ್ಲುವ ಆ ಹುಡುಗರಲ್ಲಿ ಒಬ್ಬನಿಗೂ ಕೇಳಿಸಿರಲಿಲ್ಲ. "ಮಾವ, ವಿಸಿಲ್" ಎಂದು ನಾನು ಕೂಗಿದ್ದೂ ಕೇಳಿಸಲಿಲ್ಲ. ಹೊಲದಲ್ಲಿ ಬೆಳೆದ ಕಿಣತ್ತುಕಡವಿನ ಹುಡುಗರ ಕಿವಿ ಚೆನ್ನಾಗಿತ್ತು. ಅವರು ಅವಸರವೇನೂ ಇಲ್ಲದೆ ಫ್ರೀ ಕಿಕ್ ಹೊಡೆದು, ಚೆಂಡನ್ನು ತಂದು ನಮ್ಮ ಖಾಲಿ ಗೋಲಿಗೆ ಹಾಕಿದರು. ಮೈದಾನದ ಸುತ್ತ ಜನ ಹೊಟ್ಟೆ ಹಿಡಿದು ನಕ್ಕರು.

"ನಿಂಗೆ ಕೇಳ್ತಾ ಸಾಮಿ?" ಎಂದರು ಮಾವ, ಎಲ್ಲ ಮುಗಿದ ಮೇಲೆ.

"ಕೇಳ್ತು ಮಾವ."

ಅಂದು ದಾರಿಯಲ್ಲಿ ಅವರು "ಅಡ್ತ ವರ್ಷ" ಎನ್ನಲಿಲ್ಲ. ನನಗೆ ಅಳು ಬಂತು.

ಆದರೆ ಮಾವ ಅಷ್ಟಕ್ಕೇ ಕೈಚೆಲ್ಲುವವರಲ್ಲ. ಅರ್ಹತಾ ಪಂದ್ಯ ಗೆದ್ದರೆ ಮತ್ತೆ ಲೀಗಿಗೆ ಸೇರಬಹುದಿತ್ತು. ಸಂಜೆ ಮಗ್ಗಗಳನ್ನೆಲ್ಲ ನಿಲ್ಲಿಸಿ, ಹುಡುಗರನ್ನು ಶೆಡ್ಡಿನ ಹಿಂದೆ ಗೋಡೆಗೆ ಮುಖ ಮಾಡಿ ನಿಲ್ಲಿಸುವರು. ಅತ್ತೆ ಹಿಂದಿನಿಂದ ಸೀಟಿ ಊದಬೇಕು, ಕೇಳಿಸಿದವರು ಕೈ ಎತ್ತಬೇಕು. ಮಾವನೂ ಸಾಲಿನಲ್ಲಿ ನಿಲ್ಲುವರು. ಪಕ್ಕದವನ ಕೈ ನೋಡಿ ಕೈ ಎತ್ತುವರು. "ಕಿವಿಗೂ ಅಬ್ಯಾಸ ಬೇಕು, ಆರು ತಿಂಗ್ಳು ಸಾಕು" ಎಂದು ನನಗೆ ವಿವರಿಸಿದರು. ನನಗೆ ನಗಲೂ ಆಗಲಿಲ್ಲ, ಬೇಡವೆನ್ನಲೂ ಆಗಲಿಲ್ಲ.

ಆರು ತಿಂಗಳು ಯಾರೂ ನಿಲ್ಲಲಿಲ್ಲ. ಒಬ್ಬೊಬ್ಬರಾಗಿ ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಹೊರಟುಹೋದರು. ಸೆಲ್ವನೂ ಹೋದ. ಅರ್ಹತಾ ಪಂದ್ಯದ ಹೊತ್ತಿಗೆ ತಂಡ ಕಟ್ಟುವಷ್ಟು ಕಾಲುಗಳೇ ಊರಿನಲ್ಲಿರಲಿಲ್ಲ.

ಅಷ್ಟರಲ್ಲಿ ಮದುವೆಯಾಗಿ ಬೇರೆ ಊರು ಸೇರಿದ್ದ ನಾನು ಆ ಪೊಂಗಲ್‌ಗೆ ಬಂದಾಗ ಮಾವನನ್ನು ಕಂಡೆ. ಸಂಜೆಯಾದರೂ ಮಗ್ಗಗಳು ಓಡುತ್ತಿದ್ದವು. ನನಗಾಗಿ ನಿಲ್ಲಿಸಿದರು. ಗಂಡನ ಬಗ್ಗೆ, ಅಡುಗೆಯ ಬಗ್ಗೆ ವಿಚಾರಿಸಿದರು. ಆಟದ ಮಾತೇ ಎತ್ತಲಿಲ್ಲ. ಕೊನೆಗೆ ನಾನೇ, "ಅಡ್ತ ವರ್ಷ ನೋಡೋಣ ಮಾವ" ಎಂದೆ.

ಅವರು ಸುಮ್ಮನೆ ನನ್ನ ಮುಖ ನೋಡಿದರು. ಕೇಳಿಸಲಿಲ್ಲವೆಂದುಕೊಂಡು ಅವರ ಹಾಗೆಯೇ ಗಂಟಲು ಬಿಚ್ಚಿ ಕೂಗಿದೆ, "ಅಡ್ತ ವರ್ಷ ನಮ್ದೇ ಮಾವ."

"ಮೊದ್ಲೇ ಕೇಳ್ತು ಸಾಮಿ" ಎಂದರು ಮಾವ.

ಎಷ್ಟು ಮೆಲ್ಲಗೆಂದರೆ, ನಾನು ಬಾಗಿ ಕೇಳಿಸಿಕೊಳ್ಳಬೇಕಾಯಿತು. ಆಮೇಲೆ ಎದ್ದು ಹೋಗಿ ಮಗ್ಗಗಳನ್ನು ಚಾಲೂ ಮಾಡಿದರು. ಅವರ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದೇ.