ಮರಳು ಮುಟ್ಟುವ ತನಕ

ಸಾರಕ್ಕಿ ಮಾರ್ಕೆಟ್ಟಿನಲ್ಲಿ ನನ್ನ ಬಳೆ ಅಂಗಡಿಗೆ ಅಂಟಿಕೊಂಡೇ ತುಳಸುವಿನ ಮೀನಿನಂಗಡಿ. ವಾಸನೆಗೆ ಮೊದಲ ವರ್ಷ ಜಗಳವಾಡಿದೆ, ಆಮೇಲೆ ಮೂಗೇ ಸೋತಿತು. ಅಂಕೋಲದ ಕಡೆ ಬೇಲೇಕೇರಿ ಕೊಲ್ಲಿಯ ಅಂಚಿನಲ್ಲಿ ಅವಳ ಊರು. ಆ ಕೊಲ್ಲಿಯ ಸುತ್ತಲಿನ ಹಳ್ಳಿಗಳ ಬಗ್ಗೆ ದಿನವಿಡೀ ಕೊರೆಯುತ್ತಿದ್ದಳು: ಯಾವ ಊರಿನ ಬಲೆ ಗಟ್ಟಿ, ಯಾವ ಊರಿನ ಹೆಂಗಸರ ಬಾಯಿ ಜೋರು. ಆದರೆ ಕಡಲಿಗೆ ಹೋಗುವ ಒಬ್ಬನೇ ತಮ್ಮನ ಹೆಸರು ಮಾತ್ರ ಅವಳ ಬಾಯಲ್ಲಿ ಬಂದದ್ದೇ ಇಲ್ಲ. ದೋಣಿ ಮರಳು ಮುಟ್ಟುವ ತನಕ ಕಡಲಲ್ಲಿರುವವರ ಹೆಸರೆತ್ತಬಾರದು ಎಂಬುದು ಅವಳ ಮನೆಯ ಕಟ್ಟುಪಾಡು. ಕಡಲಿನಿಂದ ಇಷ್ಟು ದೂರ ಇಲ್ಲಿ ಕೂತವಳಿಗೆ ಅವನು ಯಾವಾಗ ನೀರಲ್ಲಿರುತ್ತಾನೆ, ಯಾವಾಗ ದಡದಲ್ಲಿ ಅಂತ ಹೇಗೆ ಗೊತ್ತಾಗಬೇಕು? ಹಾಗಾಗಿ ಇಷ್ಟು ವರ್ಷವೂ ಅವನು ಬರೀ ‘ನಮ್ಮವನು’.

ಹೋದ ಸೆಪ್ಟೆಂಬರಿನಲ್ಲಿ ಇದ್ದಕ್ಕಿದ್ದಂತೆ ಗಾಳಿ ಎದ್ದು, ಹಿಂದಿನ ದಿನ ಹೋದ ದೋಣಿಗಳು ವಾಪಸಾಗಲಿಲ್ಲ; ‘ನಮ್ಮವನೂ’ ಅವರಲ್ಲಿದ್ದಾನೆ ಎಂದು ಊರಿನಿಂದ ಸುದ್ದಿ ಬಂತು. ತುಳಸು ನನ್ನ ಫೋನಿನಿಂದಲೇ ಅಲ್ಲಿನ ಪೊಲೀಸರ ಹತ್ತಿರ ಮಾತಾಡಿದಳು. ಸ್ಪೀಕರ್ ಹಾಕಿದ್ದೆ. ಹುಡುಕಲು ಹೊರಟವರಿಗೆ ತಿಳಿಸಬೇಕು, ತಮ್ಮನ ಹೆಸರು ಹೇಳಿ ಎಂದರು. ಇವಳು ದೋಣಿ ನೀಲಿ ಎಂದಳು, ಊರಿನವರು ತಿಳಿಸಿದ್ದ ಅಂಗಿಯ ಬಣ್ಣ ಹೇಳಿದಳು, ಹುಬ್ಬಿನ ಮೇಲಿನ ಗಾಯದ ಗುರುತನ್ನೂ ಹೇಳಿದಳು. ಹೆಸರು ಹೇಳಲಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ತಮ್ಮನಿಗಿಂತ ನಿನ್ನ ಕಟ್ಟುಪಾಡು ಹೆಚ್ಚಾಯಿತಾ ಎಂದು ಗದರಿದೆ.

“ಹೇಳಿದ್ ಮೇಲೆ ಅವ್ನು ಬರ್ದೇ ಹೋದ್ರೆ ನಾ ಹ್ಯಾಗೆ ಬದುಕ್ಲಿ ಅಕ್ಕಾ?” ಅಂದಳು.

ಮಧ್ಯಾಹ್ನದ ಹೊತ್ತಿಗೆ ಅವಳ ಐಸು ಕರಗಿ ನನ್ನ ಮೆಟ್ಟಿಲ ತನಕ ನೀರು ಹರಿಯಿತು. ಬಂಗುಡೆ ಕೇಳಿದವರನ್ನು ನಾನೇ ಹಿಂದಕ್ಕೆ ಕಳಿಸಿದೆ. ಭಯ ನನಗೂ ಆಗಿತ್ತು. ಮುಖವನ್ನೇ ನೋಡದವನಿಗಾಗಿ ಬನಶಂಕರಿ ಅಮ್ಮನಿಗೆ ಹರಕೆ ಹೊತ್ತೆ.

ಆಮೇಲೆ ಫೋನ್ ಬಂತು. ಕೊಲ್ಲಿಯ ಆಚೆ ದಡದ ಹಳ್ಳಿಗೆ ಒಂದು ನೀಲಿ ದೋಣಿ ಬಂದಿದೆ, ಜನ ಕಿಕ್ಕಿರಿದಿದ್ದಾರೆ, ಯಾರನ್ನು ಕರೆಯಲಿ ಎಂದು ಪೊಲೀಸಿನವನು ಕೇಳಿದ.

“ದೋಣಿ ಮರಳು ಮುಟ್ತಾ ಸಾರ್?”

“ಮುಟ್ಟಿದೆ ಅಮ್ಮ, ಮರಳ ಮೇಲೇ ಇದೆ. ಹೆಸರು ಹೇಳಿ.”

ತುಳಸು ಕಣ್ಣು ಮುಚ್ಚಿದಳು. ಬೊಮ್ಮಯ್ಯ ಅಂದಳು. ಎಷ್ಟು ಮೆಲ್ಲಗೆಂದರೆ ನಾನೇ ಫೋನಿಗೆ ಬಾಯಿಟ್ಟು ಮತ್ತೊಮ್ಮೆ ಹೇಳಬೇಕಾಯಿತು. ಪೊಲೀಸಿನವನು ಜನದ ನಡುವೆ ಆ ಹೆಸರು ಕೂಗಿದ. ಗಾಳಿಯ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. ಮತ್ತೆ ಕೂಗಿದ. ದೂರದಿಂದ ಒಡೆದ ಗಂಟಲೊಂದು “ಓ” ಅಂದಿತು.

ತುಳಸು ಐಸಿನ ನೀರಿನಲ್ಲೇ ಕುಸಿದು ಕೂತು ಅತ್ತಳು. ಆ ಸಂಜೆ ಮೀನು ಕೊಂಡವರಿಗೆ, ಕೊಳ್ಳದವರಿಗೆ, ಬಸ್ಸಿಗೆ ಕಾಯುತ್ತಿದ್ದವರಿಗೆ, ಎಲ್ಲರಿಗೂ ಅದೊಂದೇ ಮಾತು: ಬೊಮ್ಮಯ್ಯ ಬಂದ, ನಮ್ಮ ಬೊಮ್ಮಯ್ಯ ಬಂದ. ಗಾಳಿ ನಿಂತರೆ ಅವನು ಮತ್ತೆ ಕಡಲಿಗಿಳಿಯುತ್ತಾನೆ. ಅಷ್ಟರೊಳಗೆ ಎಷ್ಟು ಸಲ ಆಗುತ್ತದೋ ಅಷ್ಟು ಸಲ ಹೇಳಿಕೊಳ್ಳಬೇಕಿತ್ತು ಅವಳಿಗೆ.