ಒಂಬತ್ತಾದ ಮೇಲೆ ಎಂಟು

ಆ ದಿನ ನಾನು ಸುಳ್ಳು ಹೇಳಲಿಲ್ಲ. ಎಂಟು ತಿಂಗಳಿಂದ ನನಗೆ ನಾನೇ ಹೇಳಿಕೊಂಡು ಬಂದದ್ದು ಇದೊಂದೇ ಮಾತು, ಆದ್ದರಿಂದ ಮೊದಲೇ ಬರೆದುಬಿಡುತ್ತೇನೆ. ಆರ್.ಟಿ. ನಗರದ ಒಂದು ಮನೆಯ ಹಾಲಿನಲ್ಲಿ, ಆರು ಜನರ ಎದುರು, ನನ್ನನ್ನು ಒಂದು ಪ್ರಶ್ನೆ ಕೇಳಿದರು. ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಅದರಿಂದ ಒಬ್ಬ ಮನುಷ್ಯನ ಎರಡು ವರ್ಷದ ಕೆಲಸ ಹಾಳಾಯಿತು.

ವಿಷಯ ಒಂದು ಹಳೆಯ ಸಿನಿಮಾದ್ದು. ಅದು ಬಂದಾಗ ನನಗೆ ಇಪ್ಪತ್ತೊಂದು, ನನ್ನ ತಮ್ಮನಿಗೆ ಹದಿನಾರು. ಯಲಹಂಕದ ಟಾಕೀಸಿನಲ್ಲಿ ಐದು ವಾರ ಓಡಿತು. ನಾವಿಬ್ಬರೂ ನಾಲ್ಕು ಸಲ ನೋಡಿದೆವು. ಕಥೆಯೂ ಅಣ್ಣ ತಮ್ಮಂದಿರದೇ. ಊರಿನ ಅಂಗಡಿಯಲ್ಲಿ ಕಳ್ಳತನವಾಗಿ ತಮ್ಮನ ಮೇಲೆ ಅಪವಾದ ಬರುತ್ತದೆ. ಇಂಟರ್ವಲ್ ಆದ ಮೇಲೆ ಎರಡು ದೃಶ್ಯಗಳಿವೆ. ಒಂದರಲ್ಲಿ ಅಣ್ಣನಿಗೆ ಒಂದು ಕಾಗದ ಬರುತ್ತದೆ, ಕದ್ದವನು ನಿನ್ನ ತಮ್ಮನಲ್ಲ ಎಂದು. ಅಣ್ಣ ಲಾಟೀನಿನ ಬೆಳಕಿನಲ್ಲಿ ಅದನ್ನು ಓದಿ, ಮಾತಿಲ್ಲದೆ ಬಹಳ ಹೊತ್ತು ಕೂತಿರುತ್ತಾನೆ. ಇನ್ನೊಂದರಲ್ಲಿ ಅಣ್ಣ ತಮ್ಮನ ಕೆನ್ನೆಗೆ ಹೊಡೆದು ಮನೆಯಿಂದ ಆಚೆ ಹಾಕುತ್ತಾನೆ. ನಾವು ನೋಡಿದ್ದು ಇದೇ ಕ್ರಮದಲ್ಲಿ. ಮೊದಲು ಕಾಗದ, ಆಮೇಲೆ ಏಟು.

ಅಂದರೆ ಅಣ್ಣ ಗೊತ್ತಿದ್ದೇ ಹೊಡೆದ. ಊರಲ್ಲಿ ಉಳಿದರೆ ನಿಜವಾದ ಕಳ್ಳರು ತಮ್ಮನನ್ನು ಬದುಕಲು ಬಿಡುವುದಿಲ್ಲ, ಬೈದು ಕಳಿಸಿದರೆ ಬದುಕಿಕೊಳ್ಳುತ್ತಾನೆ ಎಂದು ಹೊಡೆದ. ಹೀಗೆಂದು ಸಿನಿಮಾದಲ್ಲಿ ಯಾರೂ ಹೇಳುವುದಿಲ್ಲ. ನಾವೇ ತಿಳಿದುಕೊಂಡೆವು. ಏಟು ಬಿದ್ದಾಗ ಟಾಕೀಸು ಸುಮ್ಮನಾಗಿಬಿಡುತ್ತಿತ್ತು. ತಮ್ಮ ಹೊಸ್ತಿಲು ದಾಟಿದ ಮೇಲೆ ಶಿಳ್ಳೆ.

ಆ ಸಿನಿಮಾ ಬರುವುದಕ್ಕೆ ಒಂದು ತಿಂಗಳ ಮುಂಚೆ ನಾನು ನನ್ನ ತಮ್ಮನಿಗೆ ಹೊಡೆದಿದ್ದೆ. ಬಸ್ ಸ್ಟ್ಯಾಂಡಿನಲ್ಲಿ, ಅವನ ಸ್ಕೂಲಿನ ಹುಡುಗರ ಮುಂದೆ. ಅಪ್ಪನ ಸೈಕಲ್ ಕಾಣೆಯಾಗಿತ್ತು. ಇವನೇ ಎಲ್ಲೋ ಬಿಟ್ಟು ಬಂದು ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡಿದ್ದೆ. ಮಾರನೇ ದಿನ ಗೊತ್ತಾಯಿತು, ನಮ್ಮ ಸೋದರಮಾವ ಯಾರಿಗೂ ಹೇಳದೆ ತೆಗೆದುಕೊಂಡು ಹೋಗಿದ್ದರು. ನಾನು ತಮ್ಮನಿಗೆ ಏನೂ ಹೇಳಲಿಲ್ಲ. ಮಾವ ಸೈಕಲ್ ಮನೆಗೆ ತಂದುಕೊಟ್ಟರು, ಅಷ್ಟೇ.

ಸಿನಿಮಾ ಮೊದಲ ಸಲ ನೋಡಿ ಹೊರಗೆ ಬರುವಾಗ ಅವನು ನನ್ನ ಶರ್ಟಿನ ತೋಳು ಹಿಡಿದು ಕೇಳಿದ.

“ಅಣ್ಣ, ನೀನೂ ಗೊತ್ತಿದ್ದೇ ಹೊಡ್ದೆ ಅಲ್ವಾ? ಮಾವನ ಮರ್ಯಾದೆ ಹೋಗ್ಬಾರ್ದು ಅಂತ.”

“ಹೂಂ” ಅಂದೆ.

ಆವತ್ತಿನಿಂದ ಅವನಿಗೆ ನಾನು ಆ ಅಣ್ಣನೇ ಆದೆ. ಅವನ ಮದುವೆಯಲ್ಲಿ, ನಮ್ಮ ಅಮ್ಮನ ತಿಥಿಯಲ್ಲಿ, ತನ್ನ ಮಕ್ಕಳ ಎದುರಿಗೆ, ಸೈಕಲ್ಲಿನ ಕಥೆಯನ್ನು ಅವನು ಎಷ್ಟು ಸಲ ಹೇಳಿದ್ದಾನೋ ಲೆಕ್ಕವಿಲ್ಲ. ಪ್ರತಿ ಸಲವೂ ನಾನು ಅಲ್ಲೇ ಕೂತಿದ್ದೆ.

ಇನ್ನೊಂದು ಸಂಗತಿ. ಮೂರನೇ ಸಲ ನೋಡುವಾಗ ನನಗೊಂದು ಕಂಡಿತು. ಕಾಗದ ಓದುವ ದೃಶ್ಯದಲ್ಲಿ ಲಾಟೀನಿನ ಗಾಜು ಒಡೆದಿದೆ, ಒಡೆದ ಕಡೆ ಒಂದು ಚೂರು ಕಾಗದ ಅಂಟಿಸಿದ್ದಾರೆ. ಹೊಡೆಯುವ ದೃಶ್ಯದಲ್ಲಿ ಅದೇ ಲಾಟೀನಿನ ಗಾಜು ಪೂರ್ತಿ ಇದೆ. ತಮ್ಮ ಅದರ ಮೇಲೆ ಬೀಳುತ್ತಾನೆ, ಆಗ ಒಡೆಯುತ್ತದೆ. ಒಡೆದ ಗಾಜು ಮೊದಲು, ಒಡೆಯುವುದು ಆಮೇಲೆ. ಪಕ್ಕದಲ್ಲಿದ್ದ ನನ್ನ ತಮ್ಮನಿಗೆ ಹೇಳಿದೆ. ಆಗಷ್ಟೇ ನಾನು ಯಶವಂತಪುರದ ಒಂದು ಕಾರ್ಖಾನೆಯಲ್ಲಿ, ತಯಾರಾದ ಭಾಗಗಳನ್ನು ಗೇಜ್ ಹಿಡಿದು ಅಳೆದು ನೋಡುವ ಕೆಲಸಕ್ಕೆ ಸೇರಿದ್ದೆ.

“ಬೇರೆ ಲಾಟೀನ್ ಇರುತ್ತೆ ಬಿಡಣ್ಣ. ಸಿನಿಮಾಗೂ ಗೇಜ್ ಹಿಡ್ಕೊಂಡ್ ಬರ್ತೀಯಾ?” ಅಂದ.

ಕೆಲವು ವರ್ಷಗಳಾದ ಮೇಲೆ ಆ ಸಿನಿಮಾ ವಿಡಿಯೋ ಕ್ಯಾಸೆಟ್ ಆಗಿ ಬಂತು. ಅದರಲ್ಲಿ ಏಟು ಮೊದಲು, ಕಾಗದ ಆಮೇಲೆ. ಅಣ್ಣ ತಿಳಿಯದೆ ಹೊಡೆಯುತ್ತಾನೆ, ತಿಳಿದ ಮೇಲೆ ಕೊರಗುತ್ತಾನೆ. ಕ್ಯಾಸೆಟ್‌ನವರು ಮನೆಯಲ್ಲಿ ನೋಡುವವರಿಗೆ ಸುಲಭವಾಗಲಿ ಎಂದು ಹಿಂದೆ ಮುಂದೆ ಮಾಡಿದ್ದಾರೆ ಎಂದು ನಾವೆಲ್ಲ ನಂಬಿದೆವು. ಬೈದೆವು. ಯಾರಿಗೆ ದೂರು ಕೊಡಬೇಕೆಂದು ಆಗ ತಿಳಿಯಲಿಲ್ಲ.

ಕಳೆದ ವರ್ಷ ತಿಳಿಯಿತು. ನಿರ್ಮಾಪಕರು ತೀರಿಕೊಂಡಿದ್ದಾರೆ, ಹಕ್ಕು ಅವರ ಮಗಳದು. ಆಕೆ ನೆಗೆಟಿವ್ ಅನ್ನು ಸಹಕಾರನಗರದ ಒಬ್ಬ ತಂತ್ರಜ್ಞರ ಕೈಗೆ ಕೊಟ್ಟಿದ್ದರು. ಅವರು ಒಂದೊಂದೇ ಫ್ರೇಮನ್ನು ಶುದ್ಧ ಮಾಡಿ, ಗೀರು ತೆಗೆದು, ಧ್ವನಿ ಸರಿಪಡಿಸಿ, ಎರಡು ವರ್ಷದ ಮೇಲೆ ಸಿನಿಮಾ ನೋಡುವ ಒಂದು ಆ್ಯಪಿನಲ್ಲಿ ಬಿಡುಗಡೆ ಮಾಡಿಸಿದರು. ಅದರಲ್ಲೂ ಏಟು ಮೊದಲು.

ನಮ್ಮದೊಂದು ವಾಟ್ಸ್ಆ್ಯಪ್ ಗುಂಪಿದೆ, ಆ ಟಾಕೀಸಿನ ಹಳೆಯ ಪ್ರೇಕ್ಷಕರದು. ಸುಮಾರು ನಲವತ್ತು ಜನ. ಟಾಕೀಸಿನ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್ ಇದೆ, ಅದನ್ನು ಕಟ್ಟಿಸಿದವನೂ ನಮ್ಮ ಗುಂಪಿನಲ್ಲೇ ಇದ್ದಾನೆ. ಗುಂಪು ನಡೆಸುವವನು ನನ್ನ ತಮ್ಮ. ಬಿಡುಗಡೆಯಾದ ದಿನವೇ ಅವನ ಧ್ವನಿ ಸಂದೇಶ ಬಂತು.

“ನೋಡಿದ್ರೇನ್ರೋ? ಅಣ್ಣನ್ನೇ ತಪ್ಪಿತಸ್ಥ ಮಾಡ್ಬಿಟ್ಟವ್ರೆ. ಮೊದ್ಲು ಹೊಡ್ದು ಆಮೇಲೆ ಅಳ್ತಾನಂತೆ! ಅದನ್ನ ಯಾವನ್ ಬೇಕಾದ್ರೂ ಮಾಡ್ತಾನೆ ಗುರು. ಕ್ಯಾಸೆಟ್ ಕಾಲದಲ್ಲಿ ಬಿಟ್ವಿ. ಈ ಸಲ ಬಿಡಬಾರ್ದು.”

ಬಿಡಲಿಲ್ಲ. ಆ್ಯಪಿನಲ್ಲಿ ಬರೆದರು, ಯೂಟ್ಯೂಬಿನಲ್ಲಿ ಬರೆದರು, ತಂತ್ರಜ್ಞರ ನಂಬರ್ ಹುಡುಕಿ ಫೋನ್ ಮಾಡಿದರು. ದಾವಣಗೆರೆಯವರೊಬ್ಬರು, ನಾನು ಆಗ ಥಿಯೇಟರಿನಲ್ಲೇ ನೋಡಿದ್ದೇನೆ, ಏಟೇ ಮೊದಲು ಎಂದು ಬರೆದರೆ, “ಯಜಮಾನ್ರೇ, ನೀವು ನೋಡಿರೋದು ಕ್ಯಾಸೆಟ್ಟು, ಮಲಗಿ” ಎಂದು ನಮ್ಮವರು ಬಾಯಿ ಮುಚ್ಚಿಸಿದರು.

ಎಲ್ಲ ದೂರುಗಳ ಜೊತೆಗೆ ನನ್ನ ಹೇಳಿಕೆ ಇರುತ್ತಿತ್ತು. ತಮ್ಮನೇ ಬರೆಸಿದ್ದು. ಮೂವತ್ತೈದು ವರ್ಷ ಅಳತೆಯ ಕೆಲಸ ಮಾಡಿದವನು, ಇವನು ಹೇಳಿದರೆ ಕೂದಲೆಳೆಯಷ್ಟೂ ತಪ್ಪಿರುವುದಿಲ್ಲ ಎಂದು ಅವನ ನಂಬಿಕೆ. ಎರಡು ಪುಟ ಬರೆದೆ. ಯಾವ ವಾರ, ಯಾವ ಆಟ, ಕಂಬದಿಂದ ಎಷ್ಟನೇ ಬೆಂಚು, ಯಾವ ದೃಶ್ಯದ ಹಿಂದೆ ಯಾವ ದೃಶ್ಯ. ಲಾಟೀನಿನ ಸಂಗತಿಯನ್ನೂ ಒಂದು ಸಾಲು ಬರೆದಿದ್ದೆ. ಅದನ್ನು ಹೊಡೆದುಹಾಕಿದೆ. ಹೊಡೆದದ್ದು ಕಾಣುತ್ತದೆ ಎಂದು ಎರಡೂ ಪುಟಗಳನ್ನು ಹೊಸ ಹಾಳೆಯಲ್ಲಿ ಮತ್ತೆ ಬರೆದೆ.

ಟಾಕೀಸಿನಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದ ಆಪರೇಟರ್ ಇನ್ನೂ ಇದ್ದಾರೆ, ಚಿಕ್ಕಬಾಣಾವರದಲ್ಲಿ ಮಗಳ ಮನೆಯಲ್ಲಿದ್ದಾರೆ ಎಂದು ಯಾರೋ ಹೇಳಿದರು. ಅವರ ಸಹಿಯೂ ಇದ್ದರೆ ಗಟ್ಟಿಯಾಗುತ್ತದೆ ಎಂದು ತಮ್ಮ ನನ್ನನ್ನು ಕಳಿಸಿದ. ಬೆಳಿಗ್ಗೆ ಹತ್ತಕ್ಕೆ ಹೋದೆ. ರೈಲ್ವೆ ಸ್ಟೇಷನ್ನಿನ ಹಿಂದಿನ ಮನೆ, ಮುಂದೆ ಕಲ್ಲಿನ ಜಗಲಿ. ಎಂಬತ್ತು ದಾಟಿದ ಮನುಷ್ಯ ಅವರೆಕಾಯಿ ಸುಲಿಯುತ್ತ ಕೂತಿದ್ದರು. ವಿಷಯ ಹೇಳಿದೆ. ನಗಲು ಶುರು ಮಾಡಿದರು.

“ಅಯ್ಯೋ, ಅದಾ? ಡಬ್ಬದ ಮುಚ್ಚಳ ಅದಲು ಬದಲಾಗಿತ್ತು ಕಣಪ್ಪ. ಆಗ ಎಬ್ಬಾಳದ ಟೆಂಟಿಗೂ ನಮ್ಗೂ ಸೇರಿ ಒಂದೇ ಪ್ರಿಂಟು. ಅವ್ರು ಓಡ್ಸಿದ ರೀಲ್ನ ಎರಡೆರಡೇ ಡಬ್ಬಕ್ಕಾಕಿ ಮೊಪೆಡ್ಡಲ್ಲಿ ಕಳ್ಸೋರು. ಏಟಿಂದು ಎಂಟ್ನೇ ರೀಲು, ಕಾಗದದ್ದು ಒಂಬತ್ನೇದು. ಮೊದಲ್ನೇ ದಿನ ಎಂಟರ ಮುಚ್ಚಳ ಒಂಬತ್ತಕ್ಕೆ, ಒಂಬತ್ತರದ್ದು ಎಂಟಕ್ಕೆ. ನಾನು ಮುಚ್ಚಳ ನೋಡ್ದೆ, ಆಕ್ದೆ.”

“ಆಮೇಲೆ ಗೊತ್ತಾಗ್ಲಿಲ್ವಾ?”

“ಯಾಕ್ ಗೊತ್ತಾಗಲ್ಲ? ಓನರ್ರು ಮೆಟ್ಲು ಅತ್ಕೊಂಡು ಓಡ್ ಬಂದ್ರು. ಉಗೀತಾರೆ ಅಂದ್ಕೊಂಡೆ. ‘ಏಯ್, ಕೆಳಗ್ ಕೇಳಿಸ್ಕೊ’ ಅಂದ್ರು. ಜನ ಶಿಳ್ಳೆ ಒಡೀತಾವ್ರೆ! ‘ನಾಳೆಯಿಂದ ಇಂಗೇ ಆಕು’ ಅಂದ್ರು. ಐದು ವಾರ ಇಂಗೇ ಆಕಿದ್ದು. ಒಂಬತ್ತಾದ ಮೇಲೆ ಎಂಟು. ಎಬ್ಬಾಳದವ್ರು ಸರಿಯಾಗೇ ತೋರ್ಸಿದ್ರು, ಎರಡೇ ವಾರಕ್ಕೆ ಎತ್ಬುಟ್ರು.”

ಇಷ್ಟು ಹೇಳಿ ಅವರು ಅವರೆಕಾಳಿನ ತಟ್ಟೆ ಪಕ್ಕಕ್ಕಿಟ್ಟರು.

“ಆ ಲಾಟೀನ್ ಇತ್ತಲ್ಲ, ಅದೊಂದೇ ನಂಗೆ ದಿಗಿಲು. ಯಾವನಾದ್ರೂ ಕೂಗ್ತಾನೆ ಅಂತ ದಿನಾ ಕಿಂಡೀಲಿ ಬಗ್ಗಿ ನೋಡ್ತಿದ್ದೆ. ಒಬ್ರೂ ಕೇಳ್ಲಿಲ್ಲ ನೋಡು.”

ನಾನು ಚೀಲದಿಂದ ಹಾಳೆ ಹೊರಗೆ ತೆಗೆಯಲೇ ಇಲ್ಲ. ಅವರ ಮಗಳು ಕೊಟ್ಟ ಕಾಫಿ ಕುಡಿದು ಎದ್ದು ಬಂದೆ. ತಮ್ಮ ಫೋನ್ ಮಾಡಿದಾಗ, “ತುಂಬಾ ವಯಸ್ಸಾಗಿದೆ ಕಣೋ, ಸಹಿ ಹಾಕಿಸಿಲ್ಲ” ಅಂದೆ. ಎರಡೂ ನಿಜ.

ಒಂಬತ್ತು ದಿನ ಕಳೆದು ಆರ್.ಟಿ. ನಗರದ ಸಭೆ. ನಿರ್ಮಾಪಕರ ಮಗಳ ಮನೆ. ಆಕೆ, ಆಕೆಯ ಗಂಡ, ತಂತ್ರಜ್ಞರು, ನಮ್ಮ ಕಡೆಯಿಂದ ತಮ್ಮ, ಗುಂಪಿನ ಇನ್ನಿಬ್ಬರು, ಮತ್ತೆ ನಾನು. ತಂತ್ರಜ್ಞರಿಗೆ ನಲವತ್ತರ ಒಳಗಿನ ವಯಸ್ಸು, ಕಣ್ಣಿನ ಕೆಳಗೆ ಕಪ್ಪು. ಲ್ಯಾಪ್‌ಟಾಪ್ ತೆರೆದು ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟರು.

“ನೆಗೆಟಿವ್‌ನಲ್ಲಿ ರೀಲ್ ನಂಬರ್ ಇದೆ, ಅದನ್ನ ನೀವು ಒಪ್ತಿಲ್ಲ. ಸರಿ. ಈ ಲಾಟೀನ್ ನೋಡಿ. ಒಡೆದಿರೋ ಗ್ಲಾಸು ಮತ್ತೆ ಹೇಗೆ ಕೂಡ್ಕೊಳುತ್ತೆ?”

“ಬೇರೆ ಲಾಟೀನ್ ಇರುತ್ತೆ ಬಿಡ್ರೀ” ಅಂದ ನನ್ನ ತಮ್ಮ.

ಎಲ್ಲರೂ ನಕ್ಕರು. ತಂತ್ರಜ್ಞರು ನಗಲಿಲ್ಲ. ನನ್ನ ಕಡೆ ತಿರುಗಿದರು.

“ಸರ್, ನಿಮ್ಮ ಸ್ಟೇಟ್‌ಮೆಂಟ್ ಓದಿದೀನಿ. ಬೆಂಚಿನ ಲೆಕ್ಕ ಕೂಡ ಬರ್ದಿದೀರ. ಇವ್ರೆಲ್ಲ ಕೂಗಾಡ್ತಾರೆ, ನೀವು ಹಂಗಲ್ಲ ಅನ್ಸುತ್ತೆ. ನೀವ್ ಹೇಳಿ. ನೀವು ನೋಡಿದ್ದು ಹೇಗೆ?”

ತಮ್ಮ ನನ್ನನ್ನೇ ನೋಡುತ್ತಿದ್ದ. ಆಪರೇಟರ್ ಹೇಳಿದ್ದನ್ನು ಹೇಳಿದರೆ ಹೋಗುವುದು ಸಿನಿಮಾ ಒಂದೇ ಆಗಿರಲಿಲ್ಲ, ಸೈಕಲ್ಲಿನ ಕಥೆಯೂ ಹೋಗುತ್ತಿತ್ತು.

“ಮೊದಲು ಕಾಗದ” ಅಂದೆ. “ಆಮೇಲೆ ಏಟು.”

ನಿರ್ಮಾಪಕರ ಮಗಳು ಕೈಮುಗಿದರು. “ನಂಗೆ ಜಗಳ ಬೇಡಪ್ಪಾ. ಅಪ್ಪನ ಹೆಸ್ರಿಗೆ ಏನೇನೋ ಬರೀತಿದಾರೆ, ಓದಕ್ಕಾಗಲ್ಲ. ಇವ್ರು ಹೇಳ್ದಂಗೆ ಮಾಡ್ಕೊಟ್ಬಿಡಿ.”

ತಂತ್ರಜ್ಞರು ಲ್ಯಾಪ್‌ಟಾಪ್ ಮುಚ್ಚಿದರು. “ಮಾಡ್ತೀನಿ ಮೇಡಂ. ನನ್ನ ಹೆಸ್ರು ತೆಗೆದ್ಬಿಡ್ತೀನಿ.”

ಸಿನಿಮಾವನ್ನು ಕೆಡಿಸಿದರು ಎಂದು ಕೂಗಿದವರು ನಾವು. ಸರಿಯಿದ್ದ ಸಿನಿಮಾವನ್ನು ಕೆಡಿಸಿದವರೂ ನಾವೇ. ಈಗ ಆ್ಯಪಿನಲ್ಲಿ ಇರುವುದು ನಮ್ಮ ಟಾಕೀಸಿನ ಕ್ರಮ. ಗುಂಪಿನವರು ಅಪಾರ್ಟ್‌ಮೆಂಟಿನ ಗೇಟಿಗೆ ಹಾರ ಹಾಕಿ ಕಾಯಿ ಒಡೆದರು. ವಾಚ್‌ಮನ್‌ಗೆ ಒಂದು ಹೋಳು ಕೊಟ್ಟಾಗ, ಯಾವ ದೇವರು ಎಂದು ಅವನು ಕೇಳಿದ. ನಾನೂ ಅಲ್ಲಿದ್ದೆ. ನನ್ನ ಕೈಯಲ್ಲೂ ಒಂದು ಚೂರು ಕಾಯಿ ಇತ್ತು.

ಅದೇ ನಿರ್ಮಾಪಕರ ಇನ್ನೂ ನಾಲ್ಕು ಸಿನಿಮಾಗಳನ್ನು ಆ ತಂತ್ರಜ್ಞರೇ ಶುದ್ಧ ಮಾಡಬೇಕಿತ್ತು. ಅವು ಬೇರೆಯವರ ಕೈಗೆ ಹೋದವು ಎಂದು ಆಮೇಲೆ ತಿಳಿಯಿತು. ಆಗಾಗ ಆ್ಯಪ್ ತೆರೆದು ಸಿನಿಮಾದ ಕೊನೆಗೆ ಹೋಗಿ ಹೆಸರುಗಳನ್ನು ಓದುತ್ತಿದ್ದೆ. ತಂತ್ರಜ್ಞರ ಹೆಸರಿದ್ದ ಕಡೆ ಏನೂ ಇರುತ್ತಿರಲಿಲ್ಲ.

ಎಂಟು ತಿಂಗಳು ಹಾಗೇ ಕಳೆದೆ. ಕಳೆದ ವಾರ ಸಹಕಾರನಗರಕ್ಕೆ ಹೋದೆ. ಪಾರ್ಕಿನ ಎದುರು ಮೊದಲ ಮಹಡಿ. ಬಾಗಿಲು ತೆರೆದ ತಂತ್ರಜ್ಞರಿಗೆ ನನ್ನ ಗುರುತು ಸಿಕ್ಕಿತು, ಒಳಗೆ ಕರೆದರು. ನಿಂತೇ ಎಲ್ಲ ಹೇಳಿದೆ. ಮುಚ್ಚಳ, ಓನರು, ಲಾಟೀನು, ನಾನು ಹೊಡೆದುಹಾಕಿದ ಸಾಲು.

“ಆಪರೇಟರ್ ನಿಮಗೆ ಯಾವತ್ತು ಹೇಳಿದ್ದು?”

“ಮೀಟಿಂಗಿಗೆ ಒಂಬತ್ತು ದಿನ ಮುಂಚೆ.”

ಅವರು ಸ್ವಲ್ಪ ಹೊತ್ತು ಕೀಬೋರ್ಡಿನ ಮೇಲಿನ ಧೂಳು ಒರೆಸಿದರು. ನಂತರ ಕುರ್ಚಿ ಎಳೆದು ನನ್ನನ್ನು ಕೂರಿಸಿ, ಎರಡು ರೀಲುಗಳನ್ನು ಸರಿಯಾದ ಕ್ರಮದಲ್ಲಿ ಹಾಕಿದರು. ಅಣ್ಣ ಹೊಡೆದ. ತಮ್ಮ ಬಿದ್ದ, ಗಾಜು ಒಡೆಯಿತು, ತಮ್ಮ ಎದ್ದು ಹೋದ. ಆಮೇಲೆ ಕಾಗದ ಬಂತು. ಓದಿ ಮುಗಿಸಿ ಕೂತ ಅಣ್ಣನ ಮುಖವನ್ನು ನಾನು ನಲವತ್ತು ವರ್ಷದಿಂದ ಬಲ್ಲೆ. ಮುಂದೇನು ಮಾಡಬೇಕೆಂದು ಲೆಕ್ಕ ಹಾಕುವ ಮುಖ ಎಂದುಕೊಂಡಿದ್ದೆ. ಅಲ್ಲ. ಅದು ನಾಚಿಕೆಪಟ್ಟವನ ಮುಖ. ಲಾಟೀನಿನ ಒಡೆದ ಗಾಜಿಗೆ ಅಂಟಿಸಿದ ಕಾಗದದ ಕಡೆ ಅವನು ಕಣ್ಣೆತ್ತುವುದೇ ಇಲ್ಲ.

“ಇದನ್ನೆಲ್ಲ ಬರ್ಕೊಡಿ” ಅಂದರು. “ಮೇಡಂಗೆ ನಾನ್ ಕಳಿಸ್ತೀನಿ. ನಿಮ್ಮ ಗುಂಪಿಗೆ ಮಾತ್ರ ನೀವೇ ಹಾಕ್ಬೇಕು.”

ಅಲ್ಲೇ ಕೂತು ಬರೆದೆ. ಮೂರು ಪುಟವಾಯಿತು. ಲಾಟೀನನ್ನು ಮೊದಲ ಸಾಲಿನಲ್ಲೇ ಬರೆದೆ. ನಿರ್ಮಾಪಕರ ಮಗಳು, ನೋಡೋಣ ಎಂದಿದ್ದಾರಂತೆ. ಗುಂಪಿನಲ್ಲಿ ಹಾಕಿದ ಐದು ನಿಮಿಷಕ್ಕೆ ಉತ್ತರಗಳು ಶುರುವಾದವು. ಯಾರೋ ತಲೆ ಕೆಡಿಸಿದ್ದಾರೆ ಅಂದ ಒಬ್ಬ. “ರಿಟೈರ್ ಆಗಿ ಟೈಮ್ ಪಾಸ್ ಆಗ್ತಿಲ್ಲ ಅಂಕಲ್‌ಗೆ” ಅಂದ ಇನ್ನೊಬ್ಬ. ತಮ್ಮ ಏನೂ ಬರೆಯಲಿಲ್ಲ.

ಮಾರನೇ ಮಧ್ಯಾಹ್ನ ಫೋನ್ ಮಾಡಿದ. ಅವನಿರುವುದು ನಾಗಸಂದ್ರದಲ್ಲಿ. ಮೆಟ್ರೋ ಸ್ಟೇಷನ್ನಿನ ಕೆಳಗೆ ನಿಂತಿದ್ದನೆಂದು ತೋರುತ್ತದೆ, ಹಿಂದೆ ಬಸ್ಸುಗಳ ಸದ್ದು.

“ಆಪರೇಟ್ರು ಹಂಗಂದಿದ್ದು ನಿಜಾನಾ?”

“ನಿಜ.”

“ಲಾಟೀನ್ ವಿಷ್ಯ ನೀನು ಅವತ್ತೇ ಹೇಳಿದ್ದೆ. ನಾನೇ ಗೇಜು ಅದೂ ಇದೂ ಅಂತ ಆಡ್ಕೊಂಡೆ.”

“ಹೌದು.”

ಒಂದು ಬಸ್ಸು ಹಾದುಹೋಯಿತು.

“ಅಣ್ಣ. ಹಂಗಾದ್ರೆ ಸೈಕಲ್ ವಿಷ್ಯ. ಅವತ್ತು ಬಸ್ ಸ್ಟ್ಯಾಂಡಲ್ಲಿ ನಿಂಗೂ ಗೊತ್ತಿರ್ಲಿಲ್ಲ.”

“ಗೊತ್ತಿರಲಿಲ್ಲ ಕಣೋ. ಮಾರನೇ ದಿನ ಗೊತ್ತಾಯ್ತು.”

“ಮಾರನೇ ದಿನಾನೇ?”

“ಹೂಂ” ಅಂದೆ.

ಅವನು ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ. ತುಮಕೂರು ರಸ್ತೆಯ ಸದ್ದು ಕೇಳಿಸಿಕೊಳ್ಳುತ್ತ, ನಲವತ್ತು ವರ್ಷ ತಡವಾಗಿ ಹೇಳಬೇಕಾದ ಮಾತನ್ನು ಎಲ್ಲಿಂದ ಶುರು ಮಾಡಬೇಕೆಂದು ಹುಡುಕುತ್ತ ನಿಂತಿದ್ದೆ. ಆಮೇಲೆ, “ತಪ್ಪಾಯ್ತು ಕಣೋ” ಅಂದೆ. ಆ ಕಡೆ ಇನ್ನೊಂದು ಬಸ್ಸು ಹಾದುಹೋಯಿತು. ಕೇಳಿಸಿತೋ ಇಲ್ಲವೋ ತಿಳಿಯದೆ ಇನ್ನೊಂದು ಸಲ ಹೇಳಿದೆ.