ಹೇಳಿದ ಹಾಗೇ ಬಂದ ಹಣ್ಣು

ನಮ್ಮ ಬೀದಿಯಲ್ಲಿ ಆಕೆಯನ್ನು ಎಲ್ಲರೂ ಬಾಟ್ಲಿ ಅಕ್ಕ ಎನ್ನುತ್ತಾರೆ. ಹೊಸದಾಗಿ ಬಾಡಿಗೆಗೆ ಬಂದವರು ಆ ಹೆಸರು ಕೇಳಿ ಹುಬ್ಬೇರಿಸುತ್ತಾರೆ. ಆಗ ಯಾರಾದರೂ ನಕ್ಕು, ಆಕೆ ಬಾಟಲಿ ಎತ್ತುವವಳಲ್ಲ, ತೊಳೆಯುವವಳು ಎಂದು ತಿಳಿಸಬೇಕಾಗುತ್ತದೆ. ಬೀದಿಯ ತುದಿಯಲ್ಲಿದ್ದ ಸಣ್ಣ ಆಸ್ಪತ್ರೆಯಲ್ಲಿ ಆಕೆ ಇಪ್ಪತ್ತಾರು ವರ್ಷ ಔಷಧಿ ಬಾಟಲಿ ತೊಳೆದಳು. ಆ ಬಾಟಲಿಗಳಿಗೆ ಔಷಧಿ ತುಂಬಿ ಚೀಟಿ ಅಂಟಿಸುತ್ತಿದ್ದ ಕಾಂಪೌಂಡರ್ ನಾನು. ಆಕೆಯ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ನಾನು ಆಕೆಗೆ ಮಾಡಿದ್ದನ್ನು ನನ್ನಷ್ಟು ಸರಿಯಾಗಿ ಬಲ್ಲವರು ಬೇರೆ ಯಾರೂ ಇಲ್ಲ.

ಆಸ್ಪತ್ರೆಯ ಹಿಂಭಾಗದಲ್ಲಿ ಒಂದು ಕಲ್ಲಿನ ತೊಟ್ಟಿ ಇತ್ತು. ಆಕೆ ಮೊದಲು ಬಾಟಲಿಗಳನ್ನು ಸೋಡಾ ಹಾಕಿದ ಬಿಸಿನೀರಲ್ಲಿ ಮುಳುಗಿಸುತ್ತಿದ್ದಳು. ಹಳೇ ಚೀಟಿ ನೆನೆದು ಮೇಲೆ ತೇಲಿ ಬಂದ ಮೇಲೆ ಉದ್ದ ಹಿಡಿಯ ಬ್ರಷ್ಷಿನಿಂದ ಒಳಗೆಲ್ಲ ಉಜ್ಜಿ, ಎರಡು ನೀರು ಬದಲಿಸಿ ಜಾಲಿಸಿ, ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಕೊನೆಗೆ ಬಾಟಲಿಯ ಬಾಯಿಗೆ ಮೂಗಿಟ್ಟು ಮೂಸುತ್ತಿದ್ದಳು. ಚೂರು ವಾಸನೆ ಉಳಿದಿದ್ದರೂ ಬಾಟಲಿ ಮತ್ತೆ ಸೋಡಾ ನೀರಿಗೆ. ಓದು ಬಾರದ ಹೆಂಗಸು, ಆದರೆ ಕಣ್ಣು ಮುಚ್ಚಿ ಕೊಟ್ಟರೂ ಯಾವ ಔಷಧಿ ಎಂದು ಹೇಳುತ್ತಿದ್ದಳು. ಗಂಡ ಬೇಗ ತೀರಿಕೊಂಡಿದ್ದ. ಆ ತೊಟ್ಟಿಯ ಪಕ್ಕದಲ್ಲೇ ಮಗಳನ್ನು ಮಲಗಿಸಿ, ಆಡಿಸಿ, ಬೆಳೆಸಿ, ಮದುವೆ ಮಾಡಿ ಕಳಿಸಿದಳು.

ಆಸ್ಪತ್ರೆ ಮುಚ್ಚಿತು. ನಾನು ನಿವೃತ್ತನಾದೆ, ಆಕೆ ಮೂರು ಮನೆಗಳ ಕೆಲಸ ಹಿಡಿದಳು. ಮೂರೂ ಮನೆಯವರು ಬೆಳಗ್ಗೆ ಬೇಗ ಕೆಲಸಕ್ಕೆ ಹೋಗುವವರು; ಮನೆಯ ಕೀಲಿಯನ್ನೇ ಆಕೆಯ ಕೈಗೆ ಕೊಟ್ಟಿದ್ದರು. ಮೂರೂ ಕೀಲಿಗಳನ್ನು ಒಂದು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡು ಓಡಾಡುತ್ತಿದ್ದಳು. ಆಕೆಯ ಬಳಿ ಬೇರೆ ಸರ್ಟಿಫಿಕೇಟ್ ಇರಲಿಲ್ಲ.

ನನಗೋ, ಕೈ ಸುಮ್ಮನಿದ್ದರೆ ತಲೆ ಕೆಡುತ್ತದೆ. ಮನೆಯ ಹಿಂದಿನ ಜಾಗದಲ್ಲಿ ಟೊಮೆಟೊ ಬೆಳೆಯುವ ಹುಚ್ಚು ಹಿಡಿಯಿತು. ಭಾವ ನಾಲ್ಕು ಜಾತಿಯ ಬೀಜ ಕಳಿಸಿದ್ದರು: ಅಂಗೈ ತುಂಬುವ ದೊಡ್ಡ ಕೆಂಪು, ಹಳದಿ, ಉದ್ದನೆಯದು, ಮತ್ತೆ ಗೋಲಿಯಷ್ಟು ಪುಟ್ಟದು. ಮೊಟ್ಟೆಯ ಟ್ರೇ ಕತ್ತರಿಸಿ ನಾಲ್ಕು ಸಾಲು ಉಳಿಸಿಕೊಂಡು, ಒಂದೊಂದು ಸಾಲಿಗೆ ಒಂದೊಂದು ಜಾತಿ ಬಿತ್ತಿ ಕಿಟಕಿಯಲ್ಲಿಟ್ಟೆ.

"ಸಾಲಿಗೊಂದು ಚೀಟಿ ಅಂಟಿಸಬಾರದಾ?" ಎಂದಳು ನನ್ನಾಕೆ.

"ಮೂವತ್ತೆರಡು ವರ್ಷ ಚೀಟಿ ಅಂಟಿಸಿದ್ದು ಸಾಲದಾ? ಇಲ್ಲೂ ಅದೇನಾ?" ಎಂದು, ಹಾಳೆಯ ಮೇಲೆ ನಕ್ಷೆ ಬರೆದು ಗೋಡೆಗೆ ಅಂಟಿಸಿದೆ. ಕಿಟಕಿಯ ಕಡೆಯಿಂದ ಮೊದಲ ಸಾಲು ದೊಡ್ಡ ಕೆಂಪು, ಎರಡನೆಯದು ಹಳದಿ, ಮೂರನೆಯದು ಉದ್ದ, ಕೊನೆಯದು ಗೋಲಿ. ಸಸಿಗಳು ಬೆಳಕಿನ ಕಡೆಗೇ ವಾಲುತ್ತವಲ್ಲ, ಅದಕ್ಕೆ ದಿನಾ ಬೆಳಗ್ಗೆ ಎದ್ದ ಕೂಡಲೇ ಟ್ರೇಯನ್ನು ಅರ್ಧ ಸುತ್ತು ತಿರುಗಿಸುತ್ತಿದ್ದೆ. ಅಷ್ಟು ಶಿಸ್ತು ನನಗೆ.

ಸಸಿ ನೆಡುವ ದಿನ ನಕ್ಷೆ ನೋಡಿ ಎಲ್ಲವನ್ನೂ ಪೇಪರ್ ಕಪ್ಪುಗಳಿಗೆ ಬದಲಿಸಿದೆ. ಹಂಚಿಕೆಯನ್ನು ಮೊದಲೇ ಯೋಚಿಸಿದ್ದೆ. ದೊಡ್ಡ ಕೆಂಪು ನನಗೆ. ಹಳದಿ, ಬೇರೆ ಊರಿನಲ್ಲಿರುವ ಮಗಳಿಗೆ. ಉದ್ದನೆಯದು, ಎದುರುಮನೆ ಟೈಲರನಿಗೆ. ಗೋಲಿ ಯಾರಿಗೆ ಬೇಕು? ಅಷ್ಟರಲ್ಲಿ ಬಾಟ್ಲಿ ಅಕ್ಕ ಗೇಟಿನ ಮುಂದೆ ಹಾದುಹೋಗುತ್ತಾ, "ಅಣ್ಣ, ನಂಗೂ ಒಂದೆರಡು ಸಸಿ ಕೊಡ್ತೀರಾ? ಬಾಗಿಲ ಮುಂದೆ ಬಿಸಿಲು ಚೆನ್ನಾಗಿ ಬೀಳುತ್ತೆ" ಎಂದಳು.

"ಒಂದೆರಡೇನು, ನಾಲ್ಕು ತಗೋ. ಅಂಗೈ ತುಂಬ ಹಣ್ಣು ಬಿಡೋ ಜಾತಿ" ಎಂದು ಗೋಲಿ ಸಾಲಿನ ನಾಲ್ಕು ಕಪ್ಪುಗಳನ್ನು ತೋರಿಸಿದೆ.

ಯಾಕೆ ಹಾಗಂದೆ? ಕೊಡುವವನು ದೊಡ್ಡವನಂತೆ ಕಾಣಬೇಕು, ಆದರೆ ಒಳ್ಳೆಯದು ಕೈಬಿಡಬಾರದು, ಅಷ್ಟೆ. ಹಣ್ಣು ಸಣ್ಣದಾದರೆ ಮಣ್ಣು ಸರಿಯಿಲ್ಲ, ಗೊಬ್ಬರ ಸಾಲದು ಎಂದು ಹೇಳಿದರಾಯಿತು ಎಂದುಕೊಂಡಿದ್ದೆ. ಆ ಉತ್ತರವನ್ನೂ ಮೊದಲೇ ಸಿದ್ಧ ಮಾಡಿಟ್ಟುಕೊಂಡಿದ್ದೆ. ಇದನ್ನು ಬರೆಯುವಾಗ ಕೈ ನಾಚುತ್ತಿದೆ. ನಾನು ಒಳಗೆ ಹೋದಾಗ ಆಕೆ ಗೇಟಿನ ಕಟ್ಟೆಯ ಮೇಲಿದ್ದ ಕಪ್ಪುಗಳನ್ನು ಎತ್ತಿಕೊಂಡು ಹೋದಳು. ನನ್ನ ಕಪ್ಪುಗಳೂ ಅಲ್ಲೇ ಪಕ್ಕದಲ್ಲಿದ್ದವು.

ಆಕೆ ನಾಲ್ಕು ಹಳೇ ಪೇಂಟ್ ಡಬ್ಬಗಳ ತಳಕ್ಕೆ ಮೊಳೆಯಿಂದ ತೂತು ಹೊಡೆದು ಸಸಿ ನೆಟ್ಟಳು. ನಾನು ಗೊಬ್ಬರದ ಮೇಲೆ ಗೊಬ್ಬರ ಸುರಿದೆ, ಕೋಲು ಕಟ್ಟಿದೆ, ಹುಳ ಹೆಕ್ಕಿದೆ. ಎರಡೂವರೆ ತಿಂಗಳಾದ ಮೇಲೆ ನನ್ನ ಗಿಡಗಳ ತುಂಬ ಗೊಂಚಲು ಗೊಂಚಲಾಗಿ ಕಾಯಿ. ಇನ್ನೂ ದಪ್ಪವಾಗುತ್ತವೆ ಎಂದು ಕಾದೆ. ಗೋಲಿಯಷ್ಟೇ ಇದ್ದು ಕೆಂಪಾದವು.

"ನಿಮ್ಮ ಅಂಗೈಗೆ ಏನಾಯ್ತು, ಕುಗ್ಗಿತಾ?" ಎಂದು ಕೇಳಿದಳು ನನ್ನಾಕೆ.

ಅದೇ ಸಂಜೆ ಬಾಟ್ಲಿ ಅಕ್ಕ ಎರಡೂ ಕೈಯಲ್ಲಿ ಒಂದು ಹಣ್ಣು ಹಿಡಿದುಕೊಂಡು ಗೇಟಿನ ಹತ್ತಿರ ಬಂದಳು. ಮೊದಲ ಹಣ್ಣು. ಒಂದು ಕೈಯಲ್ಲಿ ಹಿಡಿಸದಷ್ಟು ದೊಡ್ಡದು. ಮುಖವೆಲ್ಲ ನಗು.

"ಅಣ್ಣ, ನೀವು ಹೇಳಿದ ಹಾಗೇ ಬಂತು ನೋಡಿ! ಮೊದಲನೇದು ನಿಮಗೇ ಅಂತ ತಂದೆ."

ತಾನು ಕಳ್ಳ ಪರರ ನಂಬ ಎನ್ನುತ್ತಾರಲ್ಲ, ನನ್ನ ಕಥೆ ಅದೇ ಆಯಿತು. "ಗೇಟಿನ ಕಟ್ಟೆ ಮೇಲಿಂದ ನನ್ನ ಸಸಿ ಎತ್ತಿಕೊಂಡು ಹೋಗಿದ್ದೀಯ! ನಿನ್ನದು ಇಲ್ಲಿಟ್ಟು ನನ್ನದು ತಗೊಂಡು ಹೋಗಿದ್ದೀಯ!" ಎಂದು ಕೂಗಿದೆ.

ಆಕೆಗೆ ಅರ್ಥವೇ ಆಗಲಿಲ್ಲ. "ದೊಡ್ಡದು ಬಿಡುತ್ತೆ ಅಂತ ನೀವೇ ಅಂದಿರಲ್ಲ ಅಣ್ಣ? ದೊಡ್ಡದೇ ಬಂತು" ಎಂದಳು.

ಉತ್ತರ ಕೊಟ್ಟರೆ ನನ್ನ ಸುಳ್ಳು ಹೊರಗೆ ಬೀಳುತ್ತದೆ. ಅದಕ್ಕೇ ಇನ್ನೂ ಜೋರಾಗಿ ಕೂಗಿದೆ. ಟೈಲರ್ ಮಷಿನ್ ನಿಲ್ಲಿಸಿ ಹೊರಗೆ ಬಂದ. ಮೂಲೆಮನೆಯ ಬ್ಯಾಂಕಿನಾಕೆ, ಅಕ್ಕ ಕೆಲಸ ಮಾಡುವ ಮನೆಗಳಲ್ಲಿ ಅದೂ ಒಂದು, ಚಪ್ಪಲಿ ಬಿಡುತ್ತಿದ್ದವಳು ಹಾಗೇ ನಿಂತಳು. ಅವರೆಲ್ಲರ ಮುಂದೆ, ಇಪ್ಪತ್ತಾರು ವರ್ಷ ನನ್ನ ಜೊತೆ ದುಡಿದ ಹೆಂಗಸನ್ನು ಕಳ್ಳಿ ಎಂದೆ. ಆಕೆ ಹಣ್ಣನ್ನು ಗೇಟಿನ ಕಟ್ಟೆಯ ಮೇಲಿಟ್ಟು ಹೊರಟುಹೋದಳು.

ಮರುದಿನ ಬೆಳಗ್ಗೆ ನಾಲ್ಕೂ ಪೇಂಟ್ ಡಬ್ಬಗಳು, ಗಿಡ, ಕಾಯಿ ಸಮೇತ, ನನ್ನ ಗೇಟಿನ ಮುಂದಿದ್ದವು. ನಾನು ಏನು ಮಾಡಿದೆ ಗೊತ್ತೇ? ಒಳಗೆ ತಂದಿಟ್ಟುಕೊಂಡೆ. ಆಕೆ ತಂದಿದ್ದ ಹಣ್ಣನ್ನು ಹೆಚ್ಚಿ ಉಪ್ಪು ಹಚ್ಚಿ ತಿಂದೆ. ರುಚಿಯಾಗಿತ್ತು. ನನ್ನಾಕೆ ಒಂದು ಚೂರೂ ಮುಟ್ಟಲಿಲ್ಲ.

"ಮೂವತ್ತೆರಡು ವರ್ಷದಲ್ಲಿ ಒಂದು ಚೀಟಿ ತಪ್ಪು ಅಂಟಿಸಿಲ್ಲ ನಾನು. ಸಸಿ ತಪ್ಪುತ್ತೀನಾ?" ಎಂದು ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಅದೂ ಸುಳ್ಳು. ಒಂದು ಸಲ ತಪ್ಪಿದ್ದೆ. ಮೈಗೆ ಹಚ್ಚುವ ಔಷಧಿಯ ಬಾಟಲಿಗೆ ಕೆಮ್ಮಿನ ಔಷಧಿಯ ಚೀಟಿ ಅಂಟಿಸಿ, ರೋಗಿಗಳಿಗೆ ಔಷಧಿ ಕೊಡುವ ಕಿಟಕಿಯಲ್ಲಿಟ್ಟಿದ್ದೆ. ತೊಳೆದ ಬಾಟಲಿ ತಂದಿಡಲು ಬಂದ ಅಕ್ಕ ಅದನ್ನು ಎತ್ತಿ ಮೂಸಿ, ಯಾರಿಗೂ ಕಾಣದಂತೆ ಮೇಜಿನ ಕೆಳಗಿನಿಂದ ನನ್ನ ಕೈಗೆ ದಾಟಿಸಿದ್ದಳು. "ಅಣ್ಣ, ಇದು ಹಚ್ಚೋದು" ಎಂದಿದ್ದಳು, ಅಷ್ಟೆ. ಡಾಕ್ಟರಿಗೂ ಗೊತ್ತಾಗಲಿಲ್ಲ. ಆ ಮಾತನ್ನು ಆಕೆ ಮತ್ತೆ ಎಂದೂ ಎತ್ತಲಿಲ್ಲ. ನಾನು ಕಳ್ಳಿ ಎಂದು ಕೂಗಿದ ದಿನವೂ ಎತ್ತಲಿಲ್ಲ.

ಹತ್ತು ದಿನ ಕಳೆಯಿತು. ಮಗಳು ಫೋನ್ ಮಾಡಿ ನಗುತ್ತಿದ್ದಳು. "ಏನಪ್ಪ, ಹಳದಿ ಹಣ್ಣು ಅಂತ ಕೊಟ್ರಿ? ಎಲ್ಲಾ ಉದ್ದುದ್ದ ಕೆಂಪಗೆ ಬಿಟ್ಟಿದೆ!"

ಫೋನ್ ಇಟ್ಟವನು ನೇರ ಟೈಲರನ ಮನೆಗೆ ಹೋದೆ. ಅವನ ಗಿಡಕ್ಕೆ ಉದ್ದನೆಯ ಹಣ್ಣು ಬರಬೇಕಿತ್ತು. ಬಂದದ್ದು ಹಳದಿ. ಮನೆಗೆ ಬಂದು ಗೋಡೆಯ ಮೇಲಿದ್ದ ನಕ್ಷೆಯನ್ನು ಕಿತ್ತು ಕೈಯಲ್ಲಿ ಹಿಡಿದು ನೋಡಿದೆ. ಆಮೇಲೆ ಅದನ್ನು ತಲೆಕೆಳಗು ಮಾಡಿದೆ. ನನ್ನದು ಗೋಲಿ, ಮಗಳದು ಉದ್ದ, ಟೈಲರನದು ಹಳದಿ, ಅಕ್ಕನದು ದೊಡ್ಡ ಕೆಂಪು. ಎಲ್ಲ ಸರಿಯಾಗಿ ಕೂತಿತು. ದಿನಾ ಬೆಳಗ್ಗೆ ಟ್ರೇ ತಿರುಗಿಸಿದವನು ನಾನೇ. ಸಸಿ ನೆಟ್ಟ ದಿನ ಯಾವ ಕಡೆ ಕಿಟಕಿಗಿತ್ತು ಎಂದು ನೋಡದವನೂ ನಾನೇ. ಯಾರೂ ಏನೂ ಕದ್ದಿರಲಿಲ್ಲ. ನಕ್ಷೆ ಹಿಡಿದೇ ಅಡುಗೆಮನೆಗೆ ಹೋದೆ.

ನನ್ನಾಕೆಗೆ ಎಲ್ಲವನ್ನೂ ಹೇಳಿದೆ. ಆಕೆಗೆ ನನಗಿಂತ ಹೆಚ್ಚು ಗೊತ್ತಿತ್ತು.

"ಬ್ಯಾಂಕಿನವಳು ಕೀಲಿ ವಾಪಸ್ ಇಸ್ಕೊಂಡಿದ್ದಾಳೆ. ಇನ್ನೊಂದು ಮನೆಯವರೂ ಇಸ್ಕೊಂಡು, ತಾವಿದ್ದಾಗಲೇ ಬಾ ಅಂದಿದ್ದಾರಂತೆ. ನಿಮ್ಮ ಮಾತು ನಂಬಿ. ಕಾಂಪೌಂಡರ್ ತಪ್ಪು ಹೇಳೋದಿಲ್ಲ ಅಂತ."

"ಅವಳ ಮನೆಗೆ ಹೋಗಿ ಕ್ಷಮೆ ಕೇಳ್ತೀನಿ."

"ಬೈದದ್ದು ಬೀದೀಲಿ, ಕ್ಷಮೆ ಕೇಳೋದು ಅವಳ ಅಡುಗೆಮನೇಲಾ?"

ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ನಾನು, ಆದರೂ ಅಂದು ನನ್ನಾಕೆಯ ಮಾತು ಕೇಳಿದೆ. ಸಂಜೆ ಎಲ್ಲರೂ ಕೆಲಸದಿಂದ ಬಂದ ಮೇಲೆ ನಾಲ್ಕೂ ಡಬ್ಬಗಳನ್ನು ಕೈಗಾಡಿಯಲ್ಲಿಟ್ಟುಕೊಂಡು ಅಕ್ಕನ ಮನೆಯ ಮುಂದೆ ಹೋದೆ. ಟೈಲರನನ್ನೂ ಬ್ಯಾಂಕಿನಾಕೆಯನ್ನೂ ನಾನೇ ಕರೆದಿದ್ದೆ. ಕರೆಯದ ಏಳೆಂಟು ಜನವೂ ಬಂದರು. ಅಕ್ಕ ಬಾಗಿಲಲ್ಲಿ ಬಕೆಟ್ ಹಿಡಿದು ನಿಂತಿದ್ದಳು. ಕೊರಳಿನ ದಾರದಲ್ಲಿ ಒಂದೇ ಕೀಲಿ ಇತ್ತು.

"ಇವಳು ಸಸಿ ಬದಲಾಯಿಸಿಲ್ಲ. ಟ್ರೇ ತಿರುಗಿಸಿದ್ದು ನಾನು, ದೊಡ್ಡದಕ್ಕೂ ಗೋಲಿಗೂ ಲೆಕ್ಕ ತಪ್ಪಿದ್ದು ನಾನು. ಕಳ್ಳಿ ಅಂದದ್ದು ತಪ್ಪು. ಎಲ್ಲರ ಮುಂದೆ ಕ್ಷಮೆ ಕೇಳ್ತಿದ್ದೀನಿ" ಎಂದೆ. ಹೇಳಿ ಮುಗಿಸಿದಾಗ ಎದೆ ಸ್ವಲ್ಪ ಹಗುರವಾಯಿತು, ಸುಳ್ಳೇಕೆ? ಬ್ಯಾಂಕಿನಾಕೆ ಮುಖ ಕೆಂಪು ಮಾಡಿಕೊಂಡು ಬಂದು, "ತಪ್ಪಾಯ್ತು ಅಕ್ಕ" ಎಂದು ಕೀಲಿಯನ್ನು ಆಕೆಯ ಕೈಯಲ್ಲಿಟ್ಟಳು. ಅಕ್ಕ ಅದನ್ನು ತೆಗೆದುಕೊಂಡಳು. ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡೆ.

ಆದರೆ ಟೈಲರ್ ಅಳತೆ ಬಿಡದ ಮನುಷ್ಯ. ಕತ್ತು ಓರೆ ಮಾಡಿ ಯೋಚಿಸುತ್ತಿದ್ದವನು ಕೇಳಿಯೇ ಬಿಟ್ಟ. "ಸ್ವಲ್ಪ ತಡೀರಿ. ನಿಮ್ಮ ಲೆಕ್ಕದಲ್ಲಿ ಅಕ್ಕನಿಗೆ ಹೋಗಬೇಕಾಗಿದ್ದು ಗೋಲಿ ಗಿಡ ಅಲ್ವಾ? ಮತ್ತೆ ದೊಡ್ಡ ಹಣ್ಣು ಬಿಡುತ್ತೆ ಅಂತ ಹೇಳಿ ಕೊಟ್ರಂತಲ್ಲ, ಅದು ಹೇಗೆ?"

ಬಾಯಿ ತಪ್ಪಿ ಹೇಳಿದೆ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಅಕ್ಕ ನನ್ನನ್ನೇ ನೋಡುತ್ತಿದ್ದಳು.

"ಗೋಲಿ ಅಂತ ಗೊತ್ತಿತ್ತು. ಗೊತ್ತಿದ್ದೇ ದೊಡ್ಡದು ಅಂತ ಹೇಳಿದೆ. ಒಳ್ಳೇದು ನನಗೆ ಇಟ್ಟುಕೊಂಡೆ" ಎಂದೆ.

ಅಕ್ಕ ಬಕೆಟ್ಟನ್ನು ಕೆಳಗಿಟ್ಟಳು. ಕಳ್ಳಿ ಎಂದಾಗಲೂ ಆಕೆಯ ಮುಖ ಹಾಗೆ ಬಾಡಿರಲಿಲ್ಲ.

"ಕಳ್ಳಿ ಅಂದದ್ದನ್ನ ನಾನು ಆವತ್ತೇ ಬಿಟ್ಟಿದ್ದೆ ಅಣ್ಣ. ಸಿಟ್ಟಲ್ಲಿ ಮನುಷ್ಯ ಏನೋ ಅಂತಾನೆ. ಆದರೆ ಇದು ಸಿಟ್ಟಲ್ಲಿ ಮಾಡಿದ್ದಲ್ಲವಲ್ಲ. ನಗ್ತಾ ನಗ್ತಾ ಕೊಟ್ರಿ."

ನಾನು ತಲೆ ತಗ್ಗಿಸಿ ಒಂದು ಡಬ್ಬವನ್ನು ಆಕೆಯ ಬಾಗಿಲ ಪಕ್ಕ ಇಡಲು ಹೋದೆ.

"ಡಬ್ಬ ನನ್ನವು, ಇಟ್ಟು ಹೋಗಿ. ಗಿಡ ನಿಮ್ಮದು, ಕಿತ್ಕೊಳ್ಳಿ."

"ಬೇಡಮ್ಮ, ಇನ್ನೂ ಕಾಯಿ ಇದೆ, ಇಟ್ಕೋ..."

"ಕಿತ್ಕೊಳ್ಳಿ."

ಬೀದಿಯ ಜನರೆಲ್ಲ ನೋಡುತ್ತಿದ್ದಂತೆ ಕುಕ್ಕರಗಾಲಲ್ಲಿ ಕೂತು ನಾಲ್ಕೂ ಗಿಡಗಳನ್ನು ಒಂದೊಂದಾಗಿ ಕಿತ್ತೆ. ಬೇರು ಡಬ್ಬದ ತಳದವರೆಗೂ ಇಳಿದಿತ್ತು. ಎಳೆದಾಗ ಮಣ್ಣು ನನ್ನ ಅಂಗಿಯ ಮೇಲೆಲ್ಲ ಬಿತ್ತು, ಎರಡು ಹಸಿರು ಕಾಯಿ ಉದುರಿ ಉರುಳಿದವು. ಯಾರೂ ಅವನ್ನು ಎತ್ತಿಕೊಡಲಿಲ್ಲ. ನಾನೇ ಎತ್ತಿ ಜೇಬಿಗೆ ಹಾಕಿಕೊಂಡೆ. ಅಷ್ಟರಲ್ಲಿ ಆಕೆ ಖಾಲಿ ಡಬ್ಬಗಳನ್ನು ಒಳಗೆ ತೆಗೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡಿದ್ದಳು. ಒಳಗೆ ನೀರು ಬಿಟ್ಟು ಅವನ್ನು ಉಜ್ಜಿ ತೊಳೆಯುವ ಸದ್ದು ಬೀದಿಗೆ ಕೇಳಿಸುತ್ತಿತ್ತು.